‘ಸೈಲೆಂಟ್ ಸ್ಪ್ರಿಂಗ್’ ಗ್ರಂಥದಲ್ಲಿ ಗಿರಿಸರೋವರದ ಮೀನು

ರೇಚೆಲ್ ಕಾರ್ಸನ್ ಅವರ ‘ಸೈಲೆಂಟ್ ಸ್ಪ್ರಿಂಗ್’ ೧೯೬೨ರಲ್ಲಿ ಪ್ರಕಟವಾಯಿತು. ಕೀಟನಾಶಕಗಳ ವಿವೇಚನಾರಹಿತ ಬಳಕೆಯನ್ನು ಖಂಡಿಸಿದ ಈ ಗ್ರಂಥದ ಐತಿಹಾಸಿಕ ಮಹತ್ತ್ವ ನಿರ್ವಿವಾದವಾದುದು. ಅದರ ವಾದಸರಣಿಯ ವಿಷಯದಲ್ಲಿ ಮಾತ್ರ ಒಂದು ಪ್ರಶ್ನೆಯನ್ನು ಎತ್ತಬೇಕಾಗಿದೆ. ಈ ವಿಷಗಳ ಅವಶೇಷ ಎಲ್ಲೆಲ್ಲಿ ದೊರೆತಿದೆಯೆಂದು ಮೂರನೆಯ ಅಧ್ಯಾಯದಲ್ಲಿ ಪಟ್ಟಿಮಾಡುವಾಗ, ದೂರದ ಗಿರಿಸರೋವರಗಳ ಮೀನುಗಳಲ್ಲಿಯೂ ಅವು ಕಂಡುಬಂದಿವೆಯೆಂದು ಲೇಖಕಿ ಹೇಳುತ್ತಾರೆ. ಎರೆಹುಳು, ಹಕ್ಕಿಯ ಮೊಟ್ಟೆ, ಮನುಷ್ಯ—ಇವುಗಳ ಸಾಲಿನಲ್ಲಿ ಆ ಮಾತು ಸರಿದುಹೋಗುತ್ತದೆ. ಗ್ರಂಥದಲ್ಲಿ ಅತ್ಯಂತ ಭಾರವಾದ ಸಂಗತಿ ಅದೇ ಎಂಬುದನ್ನೂ, ಗ್ರಂಥದ ವಾದ ಆ ಭಾರವನ್ನು ಹೊರಲಾರದೆಂಬುದನ್ನೂ ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಲೇಖಕಿ ವಿಸ್ತಾರವಾಗಿ ವರ್ಣಿಸುವ ಸರೋವರ ಬೇರೆ. ಅದು ಕ್ಯಾಲಿಫೋರ್ನಿಯದ ಕ್ಲಿಯರ್ ಲೇಕ್. ನುಸಿಗಳ ನಾಶಕ್ಕಾಗಿ ಅಲ್ಲಿ ೧೯೪೯ರಲ್ಲಿ ಡಿ.ಡಿ.ಟಿ.ಯ ದಾಯಾದಿಯಾದ ಡಿ.ಡಿ.ಡಿ.ಯನ್ನು ಏಳು ಕೋಟಿ ಭಾಗ ನೀರಿಗೆ ಒಂದು ಭಾಗದಂತೆ ಬೆರೆಸಿದರು. ೧೯೫೪ರಲ್ಲಿ ಪ್ರಮಾಣವನ್ನು ಹೆಚ್ಚಿಸಿದರು. ೧೯೫೭ರಲ್ಲಿ ಮತ್ತೊಮ್ಮೆ ಬೆರೆಸಿದರು. ನೀರಿನ ಸೂಕ್ಷ್ಮಜೀವಿಗಳಲ್ಲಿ ದಶಲಕ್ಷಕ್ಕೆ ಸುಮಾರು ೫ ಭಾಗವಿದ್ದ ವಿಷ, ಮೀನು ತಿನ್ನುವ ಗ್ರೀಬ್ ಹಕ್ಕಿಗಳ ಕೊಬ್ಬಿನಲ್ಲಿ ೧,೬೦೦ ಭಾಗಕ್ಕೆ ಏರಿತ್ತು. ಕೊಬ್ಬಿನಲ್ಲಿ ಸೇರಿಕೊಳ್ಳುವ ವಿಷ ಆಹಾರಸರಪಳಿಯ ಒಂದೊಂದು ಮೆಟ್ಟಿಲಿನಲ್ಲಿಯೂ ಹೆಚ್ಚುತ್ತದೆಂಬ ತತ್ತ್ವ ಇಲ್ಲಿ ಮನಮುಟ್ಟುವಂತೆ ನಿರೂಪಿತವಾಗಿದೆ. ಆದರೆ ಇಲ್ಲಿ ಬೆರೆಸಿದವರುಂಟು, ಕಾಲವುಂಟು, ಲೆಕ್ಕವುಂಟು. ಜನರಿಗೆ ನಿಜವನ್ನು ತಿಳಿಸಬೇಕು, ಸಿಂಪಡಿಸುವವರನ್ನು ತಡೆಯಬೇಕು ಎಂಬ ಗ್ರಂಥದ ನೈತಿಕ ಆಗ್ರಹವೂ ಇಂಥ ಗುರುತಿಸಬಲ್ಲ ಕರ್ತೃವನ್ನೇ ಅವಲಂಬಿಸಿದೆ. ಗಿರಿಸರೋವರದ ಮೀನಿನ ವಿಷಯದಲ್ಲಿ ಆ ಕರ್ತೃ ಕಣ್ಣಿಗೆ ಬೀಳುವುದಿಲ್ಲ.

ಹನ್ನೊಂದನೆಯ ಅಧ್ಯಾಯವನ್ನು ಇದರೊಡನೆ ಹೋಲಿಸಿ ಓದಿದರೆ ತೊಡಕು ಸ್ಪಷ್ಟವಾಗುತ್ತದೆ. ಅಲಾಸ್ಕದ ಆರ್ಕ್ಟಿಕ್ ತೀರದ ಮೂಲನಿವಾಸಿಗಳ ಸಾಂಪ್ರದಾಯಿಕ ಆಹಾರದಲ್ಲಿ ಡಿ.ಡಿ.ಟಿ. ಕಾಣಲಿಲ್ಲವೆಂದೂ, ಕೆಲವರ ದೇಹದಲ್ಲಿ ಕಂಡ ಅಲ್ಪಾಂಶಕ್ಕೆ ನಗರದ ಆಸ್ಪತ್ರೆಯಲ್ಲಿ ಅವರು ಉಂಡ ಆಹಾರ ಕಾರಣವೆಂದೂ ಲೇಖಕಿ ಅಲ್ಲಿ ವಿವರಿಸುತ್ತಾರೆ. ಎಂದರೆ, ನಾಗರಿಕತೆಯಿಂದ ದೂರವಿರುವುದೇ ರಕ್ಷೆ ಎಂಬ ಭಾವನೆ ಅಲ್ಲಿ ಅಂತರ್ಗತವಾಗಿದೆ. ಮೂರನೆಯ ಅಧ್ಯಾಯದ ಮೀನು ಈ ಭಾವನೆಯನ್ನೇ ಅಲ್ಲಗಳೆಯುತ್ತದೆ. ಎರಡು ಸಂಗತಿಗಳೂ ಒಂದೇ ಗ್ರಂಥದಲ್ಲಿವೆ. ಅವು ಎಲ್ಲಿಯೂ ಮುಖಾಮುಖಿಯಾಗುವುದಿಲ್ಲ.

ಮುಂದಿನ ಸಂಶೋಧನೆ ಮೀನಿನ ಪಕ್ಷವನ್ನೇ ಎತ್ತಿಹಿಡಿಯಿತು. ಈ ಸಂಯುಕ್ತಗಳಲ್ಲಿ ಹಲವು ಬೆಚ್ಚನೆಯ ಪ್ರದೇಶಗಳಲ್ಲಿ ಆವಿಯಾಗಿ, ಗಾಳಿಯಲ್ಲಿ ಸಾಗಿ, ಶೀತಪ್ರದೇಶಗಳಲ್ಲಿ ಹಿಮದೊಡನೆ ಕೆಳಗಿಳಿಯುತ್ತವೆ. ಪಶ್ಚಿಮ ಕೆನಡದ ಪರ್ವತಗಳಲ್ಲಿ ೭೭೦ ಮೀಟರಿನಿಂದ ೩,೧೦೦ ಮೀಟರಿನವರೆಗಿನ ಹಿಮವನ್ನು ಪರೀಕ್ಷಿಸಿದಾಗ, ಎತ್ತರ ಹೆಚ್ಚಿದಂತೆ ಕೆಲವು ಸಂಯುಕ್ತಗಳು ೧೦ರಿಂದ ೧೦೦ ಪಟ್ಟು ಹೆಚ್ಚಿದುದನ್ನು ೧೯೯೮ರಲ್ಲಿ ವರದಿಮಾಡಲಾಯಿತು. ಆರ್ಕ್ಟಿಕ್ ಕೂಡ ನಿರ್ಮಲವಾಗಿ ಉಳಿಯಲಿಲ್ಲ: ಉತ್ತರ ಕ್ವಿಬೆಕ್ಕಿನ ಇನ್ಯುಯಿಟ್ ತಾಯಂದಿರ ಎದೆಹಾಲಿನಲ್ಲಿ ಪಿ.ಸಿ.ಬಿ.ಗಳ ಪ್ರಮಾಣ ದಕ್ಷಿಣ ಕ್ವಿಬೆಕ್ಕಿನವರಿಗಿಂತ ಸುಮಾರು ಐದು ಪಟ್ಟು ಹೆಚ್ಚೆಂಬುದು ೧೯೮೦ರ ದಶಕದ ಕೊನೆಯಲ್ಲಿ ತಿಳಿದುಬಂದಿತು. ಆದರೂ ‘ಎಲ್ಲವೂ ಬಹುದೂರದಿಂದಲೇ ಬರುತ್ತದೆ’ ಎಂಬ ವಿರುದ್ಧದ ಅತಿಶಯೋಕ್ತಿಗೂ ಎಡೆಗೊಡಬಾರದು. ೨೦೦೨ರಿಂದ ೨೦೦೭ರವರೆಗೆ ಅಮೆರಿಕದ ಪಶ್ಚಿಮಭಾಗದ ರಾಷ್ಟ್ರೀಯ ಉದ್ಯಾನಗಳಲ್ಲಿ ನಡೆದ ಸಮೀಕ್ಷೆಯಲ್ಲಿ, ಕೆಲವು ಉದ್ಯಾನಗಳ ಕೀಟನಾಶಕಗಳಿಗೆ ಆ ಸೀಮೆಯ ವ್ಯವಸಾಯವೇ ಮುಖ್ಯ ಮೂಲವೆಂದು ಕಂಡುಬಂದಿತು. ಅಲ್ಲಿ ಕರ್ತೃ ಬೆಟ್ಟದ ಆಚೆಯ ಮಗ್ಗುಲಿನಲ್ಲಿಯೇ ಇದ್ದಾನೆ. ಅಪರಿಚಿತನಾಗಿ ಉಳಿದಿದ್ದಾನೆ, ಅಷ್ಟೆ.

ಕಾಲಾನಂತರದ ಜ್ಞಾನದಿಂದ ಹಿಂದಿನ ಗ್ರಂಥವನ್ನು ಅಳೆಯುವುದು ನ್ಯಾಯವೇ ಎಂದು ವಾಚಕರು ಆಕ್ಷೇಪಿಸಬಹುದು. ಹಿಮದ ರಹಸ್ಯವನ್ನು ೧೯೬೨ರಲ್ಲಿ ಅರಿಯಲಿಲ್ಲವೆಂಬುದು ನಮ್ಮ ದೂರಲ್ಲ. ಕೈಯಲ್ಲಿದ್ದ ಎರಡು ಸಾಕ್ಷ್ಯಗಳ ವಿರೋಧವನ್ನು ಪ್ರಶ್ನೆಯನ್ನಾಗಿ ಮಾಡಿಕೊಳ್ಳಲಿಲ್ಲವೆಂಬುದೇ ನಮ್ಮ ದೂರು. ಆ ಪ್ರಶ್ನೆ ಎದ್ದಿದ್ದರೆ, ಸ್ಥಳೀಯ ಜನಾಭಿಪ್ರಾಯವೊಂದೇ ಪರಿಹಾರವಾಗಲಾರದೆಂಬುದು ಆಗಲೇ ಹೊಳೆಯಬಹುದಾಗಿತ್ತು. ರಾಷ್ಟ್ರರಾಷ್ಟ್ರಗಳು ಕೂಡಿ ಇಂಥ ದೀರ್ಘಜೀವಿ ವಿಷಗಳನ್ನು ನಿಯಂತ್ರಿಸುವ ಸ್ಟಾಕ್‌ಹೋಮ್ ಒಪ್ಪಂದ ೨೦೦೧ರಲ್ಲಿ ರೂಪುಗೊಂಡು, ೨೦೦೪ರಲ್ಲಿ ಜಾರಿಗೆ ಬಂದಿತು.

ಗ್ರಂಥದ ಹಿರಿಮೆ ಇದರಿಂದ ಕುಗ್ಗುವುದಿಲ್ಲ. ಆದರೆ ತರಗತಿಗಳಲ್ಲಿ ಕ್ಲಿಯರ್ ಲೇಕಿನ ಕಥೆಯನ್ನಷ್ಟೇ ಬೋಧಿಸಿದರೆ, ಅಪರಾಧಿ ಸಿಕ್ಕಿದರೆ ಸಮಸ್ಯೆ ಮುಗಿಯಿತೆಂದು ವಿದ್ಯಾರ್ಥಿ ಭಾವಿಸಿಯಾನು. ಮೂರನೆಯ ಅಧ್ಯಾಯದ ಆ ಒಂದು ಮಾತನ್ನೂ ಹನ್ನೊಂದನೆಯ ಅಧ್ಯಾಯವನ್ನೂ ಎದುರುಬದುರಾಗಿ ಇರಿಸಿ ಓದಿಸುವುದು ಅಧ್ಯಾಪಕರ ಕರ್ತವ್ಯ. ಗ್ರಂಥಕರ್ತೃ ವಾದಿಸಿ ಸಾಧಿಸಿದ್ದನ್ನು ಮೆಚ್ಚುವುದು ಸುಲಭ. ಹೇಳಿ ಮುಂದೆ ಸಾಗಿದ ಮಾತಿನ ಬಳಿ ನಿಲ್ಲುವುದು ವಿಮರ್ಶೆಯ ಕೆಲಸ.