ಹದಿನಾಲ್ಕನೇ ದಿನವೆಂಬ ಮೂಢನಂಬಿಕೆ

ಮಕ್ಕಳ ಫಲ ಬೇಡಿ ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯದಲ್ಲಿ ನಾಗರಕಲ್ಲು ಪ್ರತಿಷ್ಠೆ ಮಾಡಿಸುವವರನ್ನು ಕಂಡು ಮೂಗು ಮುರಿಯುವ ವಿದ್ಯಾವಂತರಿಗೂ ಒಂದು ಗಟ್ಟಿ ನಂಬಿಕೆಯಿದೆ: ಮುಟ್ಟಾದ ಹದಿನಾಲ್ಕನೇ ದಿನ ಅಂಡಾಣು ಬಿಡುಗಡೆಯಾಗುತ್ತದೆ, ಅಂದು ತಪ್ಪದೆ ಕೂಡಿದರೆ ಗರ್ಭ ನಿಲ್ಲುತ್ತದೆ. ನಾಗರಕಲ್ಲಿನ ಮೇಲೆ ನನ್ನ ತಕರಾರಿಲ್ಲ, ಅದು ತಾನು ವಿಜ್ಞಾನವೆಂದು ಎಂದೂ ಹೇಳಿಕೊಂಡಿಲ್ಲ. ಹದಿನಾಲ್ಕನೇ ದಿನ ಹಾಗೆ ಹೇಳಿಕೊಳ್ಳುತ್ತದೆ.

ಜಪಾನಿನ ಒಗಿನೊ, ಆಸ್ಟ್ರಿಯಾದ ಕ್ನಾಸ್ ಎಂಬ ವೈದ್ಯರು 1920ರ ದಶಕದಲ್ಲಿ ತಮ್ಮತಮ್ಮ ಪಾಡಿಗೆ ಕಂಡುಕೊಂಡದ್ದು ಬೇರೆಯೇ. ಅಂಡೋತ್ಪತ್ತಿ ಆಗುವುದು ಮುಂದಿನ ಮುಟ್ಟಿಗೆ ಸುಮಾರು ಎರಡು ವಾರ ಮೊದಲು. ಲೆಕ್ಕ ಹಿಡಿಯಬೇಕಾದ್ದು ಹಿಂದಿನಿಂದ. 28 ದಿನಕ್ಕೆ ಮುಟ್ಟಾಗುವವಳಿಗೆ ಎರಡೂ ಲೆಕ್ಕ ಒಂದೇ, 35 ದಿನದವಳಿಗೆ ಅದು 21ರ ಆಸುಪಾಸು. ಆದರೆ ಮುಂದಿನ ಮುಟ್ಟು ಎಂದು ಬರುತ್ತದೆಂದು ಮೊದಲೇ ಬಲ್ಲವರು ಯಾರು? ವಿಲ್ಕಾಕ್ಸ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಫಲವತ್ತಾದ ದಿನಗಳೆಲ್ಲ ಮುಟ್ಟಾದ 10ರಿಂದ 17ನೇ ದಿನದ ಒಳಗೇ ಬಿದ್ದದ್ದು ಶೇ 30ರಷ್ಟು ಹೆಂಗಸರಿಗೆ ಮಾತ್ರ.

ಈ ಪಾಠ ನಮ್ಮ ನೆರೆಯಲ್ಲೇ ಒಮ್ಮೆ ಆಗಿಹೋಗಿದೆ. 1950ರ ದಶಕದ ಆರಂಭದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನೊಂದಿಗೆ ರಾಮನಗರದಲ್ಲಿ, ಅದು ಆಗ ಬೆಂಗಳೂರು ಜಿಲ್ಲೆಗೇ ಸೇರಿತ್ತು, ದಿನ ಎಣಿಸಿ ಗರ್ಭ ತಪ್ಪಿಸುವ ಪ್ರಯೋಗ ನಡೆಯಿತು. ಹೆಂಗಸರ ಕೈಗೆ ಬಣ್ಣದ ಮಣಿಸರ ಕೊಟ್ಟು ದಿನಕ್ಕೊಂದು ಮಣಿ ಸರಿಸಲು ಹೇಳಿದರು. ಪ್ರಯೋಗ ಕೈಗೂಡಲಿಲ್ಲ. ಹಳ್ಳಿ ಹೆಂಗಸರು ಮಣಿ ಸರಿಸಿದ ರೀತಿಯ ಬಗ್ಗೆ ನಗೆಯ ಕತೆಗಳು ಮಾತ್ರ ಉಳಿದವು. ಹಿಂದಿನ ತಿಂಗಳುಗಳನ್ನು ನೋಡಿ ಪೋಣಿಸಿದ ಸರ, ಮುಂದಿನ ತಿಂಗಳು ಜ್ವರವೋ ಚಿಂತೆಯೋ ಬಂದರೆ ಸುಳ್ಳಾಗುತ್ತದೆಂದು ನಕ್ಕವರು ಯೋಚಿಸಿದಂತಿಲ್ಲ. ಬರೀ ಮುಟ್ಟಿನ ತಾರೀಖು ಕೇಳಿ ದಿನ ಹೇಳುವ ಇಂದಿನ ಮೊಬೈಲ್ ಆ್ಯಪ್ ಅದೇ ಮಣಿಸರ.

ಮೈ ಕೊಡುವ ಗುರುತನ್ನು ನಾವು ಕಾಯಿಲೆ ಅಂದುಕೊಂಡಿದ್ದೇವೆ. ಅಂಡೋತ್ಪತ್ತಿಗೆ ಕೆಲವು ದಿನ ಮೊದಲು ಮೊಟ್ಟೆಯ ಬಿಳಿಯಂತೆ ತಿಳಿಯಾಗಿ, ಎಳೆಯಾಗಿ ಜಾರುವ ಸ್ರಾವ ಕಾಣುತ್ತದೆ. ವೀರ್ಯಾಣುಗಳನ್ನು ಬದುಕಿಸಿ ಒಳಗೆ ಸಾಗಿಸುವುದು ಅದೇ. ನಮ್ಮ ಹಳ್ಳಿಗಳಲ್ಲಿ ಅದನ್ನು ‘ಬಿಳಿ ಹೋಗ್ತಿದೆ, ಉಷ್ಣ ಆಗಿದೆ’ ಎಂದು ಹೆದರಿಸುತ್ತಾರೆ. ಕೆಟ್ಟ ವಾಸನೆ, ತುರಿಕೆ, ಉರಿ ಇದ್ದರೆ ಡಾಕ್ಟರಿಗೆ ತೋರಿಸಬೇಕು. ಇಲ್ಲದಿದ್ದರೆ ಅದು ಗರ್ಭ ನಿಲ್ಲಬಹುದಾದ ದಿನಗಳ ಸೂಚನೆ. ಬೆಳಗಿನ ಮೈಬಿಸಿ ಅಳೆಯುವವರಿಗೆ ಸುದ್ದಿ ತಡವಾಗಿ ಸಿಗುತ್ತದೆ. ಬಿಸಿ ಏರುವುದು ಅಂಡಾಣು ಹೊರಬಿದ್ದ ಮೇಲೆ.

ಒಂದು ದಿನಕ್ಕಾಗಿ ಕಾಯುವುದಂತೂ ಶುದ್ಧ ನಷ್ಟ. ವೀರ್ಯಾಣು ಒಳಗೆ ಐದು ದಿನದವರೆಗೂ ಬದುಕಬಲ್ಲದು, ಅಂಡಾಣುವಿನ ಆಯಸ್ಸು ಹೆಚ್ಚೆಂದರೆ ಒಂದು ದಿನ. ಹಾಗಾಗಿ ಅಂಡೋತ್ಪತ್ತಿಯ ದಿನವೂ ಅದಕ್ಕೆ ಮೊದಲಿನ ಐದು ದಿನವೂ ಲೆಕ್ಕಕ್ಕೆ ಬರುತ್ತವೆ. ದಿನ ಬಿಟ್ಟು ದಿನ ಕೂಡುವ ದಂಪತಿಗೆ ಕ್ಯಾಲೆಂಡರಿನ ಹಂಗೇ ಇಲ್ಲ.

ಇನ್ನೊಂದು ಮಾತು. ಹದಿನಾಲ್ಕನೇ ದಿನದ ಲೆಕ್ಕ ಇಡೀ ಹೊಣೆಯನ್ನು ಹೆಂಗಸಿನ ಹೊಟ್ಟೆಯೊಳಗೆ ತಳ್ಳಿಬಿಡುತ್ತದೆ. ‘ಏನಮ್ಮಾ, ವಿಶೇಷ ಇಲ್ವಾ?’ ಎಂದು ನೆಂಟರು ಕೇಳುವುದು ಸೊಸೆಯನ್ನು, ಮಗನನ್ನಲ್ಲ. ಮಗುವಾಗದ ದಂಪತಿಗಳಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಕಡೆ ಗಂಡಿನ ಕೊರತೆಯೂ ಸೇರಿರುತ್ತದೆ. ಘಾಟಿಯಲ್ಲಿ ಗಂಡಹೆಂಡತಿ ಜೊತೆಯಾಗಿ ಪೂಜೆಗೆ ಕೂರುತ್ತಾರೆ, ಲ್ಯಾಬಿನ ಬೆಂಚಿನ ಮೇಲೆ ಮಾತ್ರ ಅವಳೊಬ್ಬಳೇ. ವೀರ್ಯ ಪರೀಕ್ಷೆಗೆ ಸೂಜಿ ಬೇಡ, ಸ್ಕ್ಯಾನಿಂಗ್ ಬೇಡ. ಒಂದು ವರ್ಷ ಪ್ರಯತ್ನಿಸಿಯೂ ಗರ್ಭ ನಿಲ್ಲದಿದ್ದರೆ, ಹೆಂಡತಿಗೆ 35 ದಾಟಿದ್ದರೆ ಆರೇ ತಿಂಗಳಿಗೆ, ಮುಟ್ಟು ತೀರಾ ಏರುಪೇರಾದರೆ ಅದಕ್ಕೂ ಮೊದಲೇ ಇಬ್ಬರೂ ಡಾಕ್ಟರ ಬಳಿ ಹೋಗಿ. ಗಂಡನ ಪರೀಕ್ಷೆ ಮೊದಲ ಭೇಟಿಯಲ್ಲೇ ಆಗಲಿ.