ವಲಸೆ ಹಕ್ಕಿ: ತಾಳೆಯಾಗದ ಒಂದು ಉಪಮೆ

ಹನ್ನೆರಡು ವರ್ಷಗಳ ಹಿಂದೆ ನಮ್ಮ ಭಾಗದ ಒಂದು ಕನ್ನಡ ಸಂಘದ ಸ್ಮರಣ ಸಂಚಿಕೆಗೆ ನಾನೊಂದು ಲೇಖನ ಬರೆದಿದ್ದೆ. ಅದರ ಕೊನೆಯ ಮಾತು ಹೀಗಿತ್ತು: ನಾವೆಲ್ಲ ವಲಸೆ ಹಕ್ಕಿಗಳು, ಕಾಳು ಇಲ್ಲಿ, ಕರುಳು ಅಲ್ಲಿ. ಓದಿದವರು ಬೆನ್ನು ತಟ್ಟಿದರು. ಕಾರ್ಯಕ್ರಮದಲ್ಲಿ ಒಬ್ಬರು ಅದನ್ನೇ ಭಾಷಣಕ್ಕೂ ಎತ್ತಿಕೊಂಡರು. ನನಗೂ ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಲಿ.

ಈಚೆಗೆ ಡೊಂಬಿವಲಿಯ ನಮ್ಮ ಮನೆಗೆ ಸುಣ್ಣಬಣ್ಣ ಮಾಡಿಸುವಾಗ ಆ ಸಂಚಿಕೆ ಅಟ್ಟದಿಂದ ಕೆಳಗಿಳಿಯಿತು. ಜೊತೆಗೆ ಇನ್ನೆರಡು ಸಂಚಿಕೆಗಳೂ ಇದ್ದವು. ಕೂತು ಓದಿದೆ. ಮೂರರಲ್ಲೂ ಸೇರಿ ವಲಸೆ ಹಕ್ಕಿ ಐದು ಕಡೆ ಹಾರಿತ್ತು. ಒಂದು ಕಡೆಯೂ ಅದಕ್ಕೆ ಹೆಸರಿಲ್ಲ, ಬಣ್ಣವಿಲ್ಲ, ಏನು ತಿನ್ನುತ್ತದೆ ಅಂತಿಲ್ಲ, ಯಾವ ತಿಂಗಳು ಬರುತ್ತದೆ ಅಂತಿಲ್ಲ. ಬ್ಯಾಂಕಿನಲ್ಲಿ ಮೂವತ್ತೇಳು ವರ್ಷ ಕೂತು ಎದ್ದವನು ನಾನು. ಹೆಸರು, ತಾರೀಖು, ರುಜು ಇಲ್ಲದ ಚೆಕ್ಕನ್ನು ಪಾಸು ಮಾಡಿದವನಲ್ಲ. ಈ ಚೆಕ್ಕನ್ನು ಮಾತ್ರ ನಾನೇ ಬರೆದು ನಾನೇ ಪಾಸು ಮಾಡಿಬಿಟ್ಟಿದ್ದೆ. ಪರದೇಶದ ಬದುಕಿನ ಬಗ್ಗೆ ನಾವು ಬರೆಯುವ ಬರಹಗಳಲ್ಲಿ ಇಷ್ಟು ಧಾರಾಳವಾಗಿ ಓಡಾಡುವ ಈ ಉಪಮೆಯನ್ನು ಒಮ್ಮೆ ಆಡಿಟ್ ಮಾಡಬೇಕು ಅನ್ನಿಸಿತು.

ಆಡಿಟ್ ಮಾಡುವ ಅಧಿಕಾರ ನನಗೆಲ್ಲಿಂದ ಬಂತು? ನಿವೃತ್ತಿಯಿಂದ. ರಿಟೈರಾದ ಮೊದಲ ವರ್ಷ ನಾನು ಮಾಡಿದ್ದು ಎಲ್ಲರೂ ಮಾಡುವುದನ್ನೇ: ಬೆಳಿಗ್ಗೆ ವಾಕಿಂಗ್, ಹಿರಿಯ ನಾಗರಿಕರ ಬೆಂಚು, ಸಕ್ಕರೆ ಕಾಯಿಲೆಯ ಗುಳಿಗೆ, ಬಡ್ಡಿ ದರದ ಚರ್ಚೆ. ಬೆಂಚಿನಲ್ಲಿ ನಾವು ನಾಲ್ವರು. ರೈಲ್ವೆಯಲ್ಲಿದ್ದ ಒಬ್ಬರು ಮರಾಠಿಗರು, ಕಲ್ಯಾಣದಿಂದ ಬರುವ ಒಬ್ಬರು ಮೇಷ್ಟ್ರು, ಠಾಣೆಯಲ್ಲಿ ಹೋಟೆಲು ನಡೆಸಿ ಮಗನಿಗೆ ಬಿಟ್ಟುಕೊಟ್ಟ ಉಡುಪಿ ಕಡೆಯವರು, ಮತ್ತು ನಾನು. ಒಂದು ದಿನ ರೈಲ್ವೆಯವರು ದುರ್ಬೀನು ತಂದರು. ಅಲ್ಲಿಂದ ನಮ್ಮ ವಾಕಿಂಗ್ ದಾರಿ ತಪ್ಪಿತು. ಡೊಂಬಿವಲಿ ಪಶ್ಚಿಮದ ರೇತಿ ಬಂದರಕ್ಕೆ ಹೋಗಿ ಉಲ್ಲಾಸ ನದಿಯ ಖಾಡಿಯ ಅಂಚಿನಲ್ಲಿ ನಿಲ್ಲತೊಡಗಿದೆವು. ವಾರಕ್ಕೊಮ್ಮೆ ಬೆಳಗಿನ ಲೋಕಲ್ ಹಿಡಿದು ಠಾಣೆ, ಅಲ್ಲಿಂದ ಟ್ರಾನ್ಸ್‌ಹಾರ್ಬರ್ ಗಾಡಿಯಲ್ಲಿ ಐರೋಲಿ ಅಥವಾ ನೆರೂಳ್. ಚೀಲದಲ್ಲಿ ಅವಲಕ್ಕಿ, ಥರ್ಮಾಸಿನಲ್ಲಿ ಚಹಾ.

ನನ್ನ ಹೆಂಡತಿ ಅಂದಳು, "ಊರಾಗಿದ್ದಾಗ ಅಂಗಳದಾಗಿನ ಗುಬ್ಬೀನೂ ನೋಡಿದವರಲ್ಲ. ಈಗ ರೊಕ್ಕಾ ಕೊಟ್ಟು ಹಕ್ಕಿ ನೋಡ್ಲಿಕ್ಕೆ ಹೊಂಟೀರಿ."

ನಿಜ. ನಮ್ಮದು ಶಿರಹಟ್ಟಿ ತಾಲೂಕು. ಮಾಗಡಿ ಕೆರೆ ನಮ್ಮೂರಿಗೆ ಸೈಕಲ್ ದೂರ. ಚಳಿಗಾಲದಲ್ಲಿ ಹಿಮಾಲಯ ದಾಟಿ ಅಲ್ಲಿಗೆ ಬರುವ ಪಟ್ಟೆತಲೆಯ ಹೆಬ್ಬಾತನ್ನು ನಾನು ಮೊದಲು ನೋಡಿದ್ದು ಅರವತ್ತು ದಾಟಿದ ಮೇಲೆ.

ಠಾಣೆ ಖಾಡಿಯ ಮುಖ್ಯ ಅತಿಥಿ ರಾಜಹಂಸ, ಅಂದರೆ ಫ್ಲೆಮಿಂಗೊ. ಮರಾಠಿಯಲ್ಲಿ ಇದಕ್ಕೆ ರೋಹಿತ ಎಂಬ ಹೆಸರಿದೆ, ಅಗ್ನಿಪಂಖ ಅಂತಲೂ ಕರೆಯುತ್ತಾರೆ. ಎರಡೂ ಕಣ್ಣಿಗೆ ಕಂಡದ್ದನ್ನು ಹೇಳುವ ಹೆಸರುಗಳು. ನಾವು ಕನ್ನಡದವರು ಮಾತ್ರ ಕಾವ್ಯದಿಂದ ಹೆಸರು ತಂದು ಕೊಟ್ಟಿದ್ದೇವೆ. ಕಾವ್ಯದ ಹಂಸ ಮಾನಸ ಸರೋವರದ್ದು, ಹಾಲು ನೀರು ಬೇರೆ ಮಾಡುವಂಥದ್ದು. ಐರೋಲಿಯ ಹಂಸ ಕಪ್ಪು ಕೆಸರಿನಲ್ಲಿ ನಿಂತು, ಕೊಕ್ಕನ್ನು ತಲೆಕೆಳಗು ಮಾಡಿ, ನೀರು ಹೀರಿ ಸೋಸಿ, ಪಾಚಿ ಮತ್ತು ಸಣ್ಣ ಜೀವಿಗಳನ್ನು ಉಳಿಸಿಕೊಂಡು ನೀರನ್ನು ಹೊರಹಾಕುತ್ತದೆ. ಅದರ ಗುಲಾಬಿ ಬಣ್ಣವೂ ಆ ಊಟದಿಂದಲೇ ಬಂದದ್ದು. ಊರಿನ ಕೊಳಚೆ ಖಾಡಿಗೆ ಸೇರಿ ಪಾಚಿ ಹೆಚ್ಚಿತು, ಪಾಚಿಗೆ ಹಕ್ಕಿ ಬಂತು ಎನ್ನುವುದು ತಿಳಿದವರು ಕೊಡುವ ವಿವರಣೆ. ಅಂದ್ರೆ ಬೇರೆ ಮಾಡುವ ವಿದ್ಯೆ ಇದಕ್ಕೂ ಗೊತ್ತು. ಆದರೆ ಇಲ್ಲಿ ಹಾಲಿಲ್ಲ.

ಹಾಗಂತ ಕವಿಗಳ ಮೇಲೆ ನನ್ನ ತಕರಾರಿಲ್ಲ. ಬೇಂದ್ರೆಯವರಿಗೆ ಹಕ್ಕಿ ಕಾಲವಾಯಿತು. ಕುವೆಂಪು ಬೆಳ್ಳಕ್ಕಿಯ ಸಾಲಿನಲ್ಲಿ ದೇವರ ರುಜು ಕಂಡರು. ರುಜು ತಾಳೆ ನೋಡುವುದೇ ಕಸುಬಾಗಿದ್ದ ನನಗೆ ಆ ಪದ್ಯದ ಮೇಲೆ ವಿಶೇಷ ಪ್ರೀತಿ. ಅಲ್ಲಿ ಕವಿ ಮೊದಲು ಬೆಳ್ಳಕ್ಕಿಯನ್ನು ಕಣ್ತುಂಬ ನೋಡಿದ್ದಾರೆ, ಆಮೇಲೆ ಅದು ರುಜುವಾಯಿತು. ಮೂಡಿಗೆರೆಯ ತೇಜಸ್ವಿಯವರಂತೂ ಹಕ್ಕಿಯನ್ನು ಹಕ್ಕಿಯಾಗಿಯೇ ಬಿಟ್ಟರು. ಅವರ 'ಹಕ್ಕಿ ಪುಕ್ಕ' ಓದಿದ ಮೇಲೆ ಸುಮ್ಮನೆ ಹಕ್ಕಿ ಅಂತ ಬರೆಯಲು ಕೈ ತಡೆಯುತ್ತದೆ. ಯಾವ ಹಕ್ಕಿ ಮಾರಾಯ್ರೆ, ಅಂತ ಯಾರೋ ಕೇಳಿದ ಹಾಗಾಗುತ್ತದೆ. ನಮ್ಮ ಸಂಚಿಕೆಯ ಲೇಖಕರು, ನನ್ನನ್ನೂ ಸೇರಿಸಿ, ನೋಡುವ ಕೆಲಸ ಬಿಟ್ಟು ನೇರ ಉಪಮೆಗೆ ಹಾರಿದೆವು.

ನೋಡಿದರೆ ಏನಾಗುತ್ತದೆ? ಉಪಮೆ ಎರಡು ಕಡೆ ಸೋರುತ್ತದೆ.

ಮೊದಲನೆಯದು, ತವರು. ನಮ್ಮ ಬರಹದಲ್ಲಿ ವಲಸೆ ಹಕ್ಕಿಗೆ ಒಂದು ಸ್ಥಿರವಾದ ತವರಿದೆ, ಅದು ಸದಾ ಕಾಯುತ್ತಿರುತ್ತದೆ. ಠಾಣೆಯ ರಾಜಹಂಸಗಳಿಗೂ ಗುಜರಾತಿಗೂ ನಂಟಿದೆ. 2022ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಇಲ್ಲಿನ ಆರು ಹಕ್ಕಿಗಳಿಗೆ ಉಪಗ್ರಹ ಸಾಧನ ಕಟ್ಟಿ ಬಿಟ್ಟಾಗ ಗುಜರಾತಿನ ದಾರಿ ಕಂಡಿತು. ಕಛ್‌ನ ಮಹಾ ರಣದಲ್ಲಿ ಅವು ಮಣ್ಣಿನ ದಿಬ್ಬದ ಗೂಡು ಕಟ್ಟುವ ಜಾಗಕ್ಕೆ ಫ್ಲೆಮಿಂಗೊ ಸಿಟಿ ಅಂತಲೇ ಹೆಸರು. ಸಲೀಂ ಅಲಿಯವರು 1945ರಲ್ಲಿ ಅಲ್ಲಿಗೆ ಹೋಗಿ ಬಂದು ಬರೆದಿದ್ದಾರೆ. ನಾವು ನಾಲ್ವರೂ ಒಂದು ಜನವರಿಯಲ್ಲಿ ಧೋರ್ಡೋ ಹತ್ತಿರ ಡೇರೆಯಲ್ಲಿ ಎರಡು ರಾತ್ರಿ ಇದ್ದೆವು. ಹೋಟೆಲಿನವರು ಚಳಿಗೆ ಎರಡು ಕಾಲುಚೀಲ ಹಾಕಿಕೊಂಡು ಮಲಗಿದರು. ಮೇಷ್ಟ್ರು ಬೆಳಿಗ್ಗೆ ಐದಕ್ಕೇ ಎಲ್ಲರನ್ನೂ ಎಬ್ಬಿಸಿದರು. ಗೂಡಿನ ಜಾಗ ಗಡಿ ಪ್ರದೇಶ, ಅನುಮತಿಯಿಲ್ಲದೆ ಬಿಡುವುದಿಲ್ಲ. ನಾವು ಕಂಡದ್ದು ಬರೀ ಬಿಳಿ ಉಪ್ಪಿನ ಮರುಭೂಮಿ. ಮಳೆ ಬಂದು ನೀರು ಹದವಾಗಿ ನಿಂತರೆ ಮಾತ್ರ ಅಲ್ಲಿ ಗೂಡು. ನೀರು ಕೈಕೊಟ್ಟ ವರ್ಷ ಗೂಡೂ ಇಲ್ಲ. ಆ ಉಪ್ಪಿನ ಮೇಲೆ ನಿಂತಾಗ ಲಕ್ಷ್ಮೇಶ್ವರದಲ್ಲಿ ನಾನು ಕೊಂಡಿಟ್ಟ ಸೈಟು ನೆನಪಾಯಿತು. ರಿಟೈರಾದ ಮೇಲೆ ಅಲ್ಲಿ ಮನೆ ಕಟ್ಟುವುದು ಅಂತಿತ್ತು. ಕಾಯುತ್ತಿದ್ದ ತಾಯಿ ಇಲ್ಲ, ಗೆಳೆಯರು ಹುಬ್ಬಳ್ಳಿ ಬೆಂಗಳೂರು ಸೇರಿದ್ದಾರೆ. ಸೈಟಿಗೆ ಪಟ್ಟಾ ಇದೆ, ನೀರು ನಿಂತಿಲ್ಲ.

ಎರಡನೆಯದು ಇನ್ನೂ ದೊಡ್ಡ ಸೋರಿಕೆ. ಅದನ್ನು ತೋರಿಸಿದವಳು ಮಗಳು. ಡೊಂಬಿವಲಿಯಲ್ಲೇ ಹುಟ್ಟಿದವಳು, ಈಗ ಐರೋಲಿಯಲ್ಲಿ ನೌಕರಿ, ಸಂಸಾರ. ಹಳೇ ಸಂಚಿಕೆ ಕೈಗೆ ಕೊಟ್ಟೆ. ಕನ್ನಡ ನಿಧಾನಕ್ಕೆ ಕೂಡಿಸಿ ಓದುತ್ತಾಳೆ. ಓದಿ ಕೇಳಿದಳು, "ಅಪ್ಪಾ, ನೀ ವಲಸೆ ಹಕ್ಕಿ, ಆತು. ಹಂಗಾದ್ರ ನಾ ಏನು? ನಾ ಎಲ್ಲಿಂದ ಬಂದೆ?"

ಉತ್ತರ ನನ್ನ ಹತ್ತಿರ ಇರಲಿಲ್ಲ. ಪಕ್ಷಿಶಾಸ್ತ್ರದಲ್ಲಿದೆ. ಖಾಡಿಯಲ್ಲಿ ವರ್ಷವಿಡೀ ಇರುವ ಮಿಂಚುಳ್ಳಿ, ಬೆಳ್ಳಕ್ಕಿ, ಹದ್ದುಗಳಿಗೆ ಸ್ಥಳೀಯ ಹಕ್ಕಿ ಅನ್ನುತ್ತಾರೆ. ನನ್ನ ಲೇಖನದ "ನಾವೆಲ್ಲ" ಎಂಬ ಶಬ್ದದಲ್ಲಿ ನನ್ನ ಮನೆಯ ಮಗಳೇ ಇರಲಿಲ್ಲ. ನಮ್ಮ ಸಂಘಗಳಿಗೆ ಹುಡುಗರು ಬರುವುದಿಲ್ಲ ಅಂತ ವರ್ಷಾ ವರ್ಷ ಗೋಳಾಡುತ್ತೇವೆ. ಅವರ ಊರನ್ನು ಬರೀ ಕಾಳಿನ ಜಾಗ ಅಂತ ವೇದಿಕೆ ಮೇಲಿಂದ ಹೇಳಿದರೆ ಅವರು ಯಾಕೆ ಬಂದಾರು? ಮುಂಬಯಿಯಲ್ಲಿ ಕೂತು ಹನೇಹಳ್ಳಿಯನ್ನೂ ಬರೆದ, 'ಶಿಕಾರಿ'ಯಲ್ಲಿ ಮುಂಬಯಿಯನ್ನೂ ಬರೆದ ಚಿತ್ತಾಲರು ನಮ್ಮೆದುರಿಗೇ ಇದ್ದರಲ್ಲ. ಎರಡೂ ಕಡೆ ಕಣ್ಣಿಡಬಹುದು ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕೆ?

ಇರುವ ಜಾಗವನ್ನು ಕಾಳಿನ ಜಾಗ ಅಂದುಕೊಂಡರೆ ಅದರ ಗತಿ ನಮಗೆ ಸಂಬಂಧವಿಲ್ಲ ಅನ್ನಿಸತೊಡಗುತ್ತದೆ. ಉಪಮೆಯ ನಿಜವಾದ ನಷ್ಟ ಇದೇ. ಠಾಣೆ ಖಾಡಿಯ ಸುಮಾರು 1,690 ಹೆಕ್ಟೇರು 2015ರಲ್ಲಿ ಫ್ಲೆಮಿಂಗೊ ಅಭಯಾರಣ್ಯವಾಯಿತು, 2022ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಆದರೆ ಹಕ್ಕಿಯ ದಿನಚರಿ ಅಷ್ಟಕ್ಕೇ ಮುಗಿಯುವುದಿಲ್ಲ. ಇಳಿತದಲ್ಲಿ ಕೆಸರು ಬಯಲು ತೆರೆದಾಗ ಅಲ್ಲಿ ಮೇಯುತ್ತದೆ, ಉಬ್ಬರ ಬಂದಾಗ ನೆರೂಳ್, ಸೀವುಡ್ಸ್ ಕಡೆಯ ಕೆರೆ ಜೌಗುಗಳಿಗೆ ಬಂದು ಒಂಟಿ ಕಾಲಲ್ಲಿ ಕಾಯುತ್ತದೆ. ಅವು ಅಭಯಾರಣ್ಯದ ಗಡಿಯ ಹೊರಗಿವೆ. ನೆರೂಳಿನ ಡಿಪಿಎಸ್ ಕೆರೆಗೆ ಸಮುದ್ರದ ನೀರಿನ ಹರಿವು ತಗ್ಗಿ 2024ರ ಬೇಸಿಗೆಯಲ್ಲಿ ಹಕ್ಕಿಗಳು ಸತ್ತವು. ಅದೇ ಮೇ 20ರ ರಾತ್ರಿ ಘಾಟ್ಕೋಪರ್ ಮೇಲೆ ವಿಮಾನಕ್ಕೆ ಸಿಕ್ಕಿ ಮೂವತ್ತಕ್ಕೂ ಹೆಚ್ಚು ಸತ್ತವು. ಊರು ಮಾತ್ರ ತನ್ನನ್ನು ಫ್ಲೆಮಿಂಗೊ ಸಿಟಿ ಅಂತ ಕರೆದುಕೊಂಡು ಗುಲಾಬಿ ಪ್ರತಿಮೆಗಳನ್ನು ನಿಲ್ಲಿಸಿದೆ. ನಾವು ರಾಜ್ಯೋತ್ಸವದ ವೇದಿಕೆಗೆ ಥರ್ಮೋಕೋಲಿನ ಹಂಪಿ ರಥ ನಿಲ್ಲಿಸುವುದಕ್ಕೂ ಇದಕ್ಕೂ ಬಹಳ ವ್ಯತ್ಯಾಸ ನನಗೆ ಕಾಣಲಿಲ್ಲ. ಕೆರೆ ಉಳಿಸಲು ಅಲ್ಲಿನ ನಿವಾಸಿಗಳು ಅರ್ಜಿ ಬರೆದರು, ರಸ್ತೆಗಿಳಿದರು. ಒಂದು ಅರ್ಜಿಗೆ ನಾವು ನಾಲ್ವರೂ ರುಜು ಹಾಕಿದೆವು. ನಾಲ್ಕು ದಶಕದಲ್ಲಿ ಈ ಊರಿಗಾಗಿ ನಾನು ಹಾಕಿದ ಮೊದಲ ರುಜು ಅದು.

ಕಳೆದ ಡಿಸೆಂಬರಿನಲ್ಲಿ ಮಗಳನ್ನೂ ಮೊಮ್ಮಗಳನ್ನೂ ಮಾಗಡಿ ಕೆರೆಗೆ ಕರೆದುಕೊಂಡು ಹೋದೆ. ಆ ಕೆರೆಯೂ 2024ರಲ್ಲಿ ರಾಮ್ಸಾರ್ ಪಟ್ಟಿ ಸೇರಿದೆ. ಹೆಬ್ಬಾತುಗಳು ನೀರಿನ ತುಂಬ ಕೂತಿದ್ದವು. ಮೊಮ್ಮಗಳು ಮರಾಠಿಯಲ್ಲಿ, ಇವು ಯಾರವು ಅಂತ ಕೇಳಿದಳು. ನಾನು ಕನ್ನಡ ಮಾಡಿ ದಂಡೆಯ ಮೇಲಿದ್ದ ಹಿರಿಯ ರೈತರೊಬ್ಬರನ್ನು ಕೇಳಿದೆ. ಅವರು, "ಎಲ್ಲಿಂದರ ಬರ್ಲಿ ತಗೋರಿ, ಚಳಿಗಾಲದಾಗ ನಮ್ಮವು" ಅಂದರು. ಅವರ ಹೊಲದಲ್ಲೇ ಮೇಯುವ ಹಕ್ಕಿಗಳವು.

ಸಂಘದವರು ಈ ವರ್ಷವೂ ಲೇಖನ ಕೇಳಿದ್ದಾರೆ. ರೇತಿ ಬಂದರದಲ್ಲಿ ನಾವು ನಾಲ್ವರು ಕಂಡ ಹಕ್ಕಿಗಳ ಪಟ್ಟಿಯನ್ನು ಕನ್ನಡ, ಮರಾಠಿ ಹೆಸರುಗಳೊಂದಿಗೆ, ತಾರೀಖು ಹಾಕಿ ಕಳಿಸುವವನಿದ್ದೇನೆ. ಮರಾಠಿ ಹೆಸರುಗಳನ್ನು ತಿದ್ದಿಕೊಟ್ಟವಳು ಮಗಳು. ಹಳೇ ಲೇಖನಕ್ಕೆ ಒಂದು ತಿದ್ದುಪಡಿಯನ್ನೂ ಸೇರಿಸಿದ್ದೇನೆ: "ನಾವೆಲ್ಲ" ಎಂಬಲ್ಲಿ "ನಾನು" ಎಂದು ಓದಿಕೊಳ್ಳಬೇಕು.