ರೊಪ್ಪದ ಬಾಗಿಲಲ್ಲೇ ಉತ್ತರ

ಚಳ್ಳಕೆರೆ, ಮೊಳಕಾಲ್ಮುರು ಸೀಮೆಯ ಹಟ್ಟಿಗಳಲ್ಲಿ ಕುರಿ, ಮೇಕೆ ಒಂದೇ ರೊಪ್ಪದಲ್ಲಿ ಮಲಗುವುದುಂಟು. ಇಂಥ ಕಡೆ ಕುರಿಗಳು ನೆಟ್ಟಗಿದ್ದು ಮೇಕೆಗಳು ಮಾತ್ರ ಕತ್ತು ಚಾಚಿ ಏದುಸಿರು ಬಿಟ್ಟರೆ, ಪಶುವೈದ್ಯರ ಅನುಮಾನ ಮೇಕೆಗಳ ಸಾಂಕ್ರಾಮಿಕ ಶ್ವಾಸಕೋಶದ ಉರಿಯೂತದತ್ತ ಹೊರಳುತ್ತದೆ.

ಇದು ಮೈಕೊಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾದಿಂದ ಬರುವ ರೋಗ. 1976ರಲ್ಲಿ ಕೀನ್ಯಾದಲ್ಲಿ ಪ್ರತ್ಯೇಕಿಸಿದ ಈ ರೋಗಾಣುವನ್ನು ಪ್ರಯೋಗಾಲಯದಲ್ಲಿ ಬೆಳೆಸುವುದು ಬಲು ಕಷ್ಟ, ದಿನಗಟ್ಟಲೆ ಕಾಯಬೇಕು. ರಕ್ತದ ಹನಿಯಲ್ಲೇ ರೋಗದ ಸುಳಿವು ಹಿಡಿಯುವ ಲ್ಯಾಟೆಕ್ಸ್ ಪರೀಕ್ಷೆಯ ಸೊಗಸು ಗೊತ್ತಾಗುವುದೇ ಇಲ್ಲಿ.

ಕಣ್ಣಿಗೆ ಕಾಣದಷ್ಟು ಸಣ್ಣ ಲ್ಯಾಟೆಕ್ಸ್ ಮಣಿಗಳಿಗೆ ರೋಗಾಣುವಿನ ಹೊರಕವಚದ ಸಕ್ಕರೆಯಂಶವನ್ನು ಲೇಪಿಸಿರುತ್ತಾರೆ. ಗಾಜಿನ ಪಟ್ಟಿಯ ಮೇಲೆ ಆ ದ್ರವದ ಒಂದು ಹನಿ, ಪಕ್ಕದಲ್ಲಿ ಮೇಕೆಯ ರಕ್ತದ ಒಂದು ಹನಿ. ಎರಡನ್ನೂ ಕಲಸಿ ಪಟ್ಟಿಯನ್ನು ಅತ್ತಿತ್ತ ಮೆಲ್ಲಗೆ ವಾಲಿಸಬೇಕು. ರಕ್ತದಲ್ಲಿ ಈ ರೋಗಾಣುವಿನ ವಿರುದ್ಧ ದೇಹ ಹುಟ್ಟಿಸಿದ ಪ್ರತಿಕಾಯಗಳಿದ್ದರೆ ಅವು ಮಣಿಗೆ ಮಣಿ ಹೆಣೆಯುತ್ತವೆ. ನುಣ್ಣಗಿದ್ದ ಹನಿ ಕೆಲವೇ ನಿಮಿಷಗಳಲ್ಲಿ ಒಡೆದ ಹಾಲಿನಂತೆ ತರಿತರಿಯಾಗುತ್ತದೆ. ಕರೆಂಟು ಬೇಡ, ಯಂತ್ರ ಬೇಡ. ಎಂಥ ಚೆಂದದ ಯೋಚನೆ!

ಆದರೂ ಕೈಗೆ ಹದ, ಕಣ್ಣಿಗೆ ಪಳಗಿಕೆ ಬೇಕು. ರೋಗ ತಗುಲಿದ ಮೊದಲ ದಿನಗಳಲ್ಲಿ ಪ್ರತಿಕಾಯ ಇನ್ನೂ ಹುಟ್ಟಿರುವುದಿಲ್ಲ. ಅದಕ್ಕೇ ಬಲ್ಲ ವೈದ್ಯರು ಒಂದೇ ಮೇಕೆಯನ್ನು ನಂಬದೆ, ಚೇತರಿಸಿಕೊಳ್ಳುತ್ತಿರುವವನ್ನೂ ಸೇರಿಸಿ ಹಿಂಡಿನ ಹಲವು ಮೇಕೆಗಳ ರಕ್ತ ನೋಡುತ್ತಾರೆ. ಖಚಿತಪಡಿಸಿಕೊಳ್ಳಲು ಪಿಸಿಆರ್ ಪರೀಕ್ಷೆಗೆ ಮಾದರಿ ಕಳಿಸಿ, ಕೆಮ್ಮುವ ಮೇಕೆಗಳನ್ನು ಅಂದೇ ಬೇರೆ ಕಟ್ಟಿಸುತ್ತಾರೆ.